ವಿದೇಶಿ ಹಣ ಬಂದರೆ ಖಾನಾಪುರದ ಕಾಡಿನಲ್ಲಿ ಯಾರ ಮಾತು ನಡೆಯುತ್ತದೆ?

ಪ್ರಶ್ನೆ: ನಮ್ಮದು ಖಾನಾಪುರ ತಾಲೂಕಿನ ಕಾಡಂಚಿನ ಊರು. ಹೊರದೇಶದ ಬಂಡವಾಳ ಇರುವ ಕಂಪನಿಯೊಂದು ನಮ್ಮ ಕಡೆ ಯೋಜನೆ ತರುತ್ತದೆ ಎಂಬ ಮಾತು ಓಡಾಡುತ್ತಿದೆ. "ವಿದೇಶಿ ಕಂಪನಿ ಬಂದರೆ ಕಾಡು ಉಳಿಯೋದಿಲ್ಲ" ಅಂತ ಊರಲ್ಲಿ ಕೆಲವರು ಹೇಳುತ್ತಾರೆ. "ಅವರು ಪರಿಸರದ ನಿಯಮ ಸರಿಯಾಗಿ ಪಾಲಿಸ್ತಾರೆ, ನಮ್ಮವರಿಗಿಂತ ವಾಸಿ" ಅಂತ ಇನ್ನು ಕೆಲವರು. ಯಾರ ಮಾತು ಸರಿ? ನಮ್ಮಂಥ ಬೇರೆ ದೇಶಗಳಲ್ಲಿ ಏನಾಗಿದೆ? ಈಗ ನಾವು ಏನು ಮಾಡಬೇಕು, ಸರ್?

ಉತ್ತರ: ಇಬ್ಬರ ಮಾತಲ್ಲೂ ಅರ್ಧ ನಿಜ ಇದೆ. ಆದರೆ ಇಬ್ಬರೂ ಹಣ ಎಲ್ಲಿಂದ ಬಂತು ಅಂತಷ್ಟೇ ನೋಡುತ್ತಿದ್ದಾರೆ. ನಾನು ಗಮನಿಸಿದ ಪ್ರಕರಣಗಳಲ್ಲಿ ಕಾಡಿನ ಗತಿ ನಿರ್ಧಾರವಾಗಿದ್ದು ಬೇರೆ ಸಂಗತಿಯಿಂದ. ಹಣ ಬರುವ ಹೊತ್ತಿಗೆ ಆ ಕಾಡಿನ ಮೇಲೆ ಊರವರ ಹಕ್ಕು ದಾಖಲೆಯಲ್ಲಿ ಇತ್ತಾ, ಇರಲಿಲ್ವಾ? ಇದ್ದ ಕಡೆ ಕಂಪನಿ ಊರಿನ ಜೊತೆ ಕೂತು ಮಾತಾಡಬೇಕಾಯಿತು. ಇಲ್ಲದ ಕಡೆ ಸರ್ಕಾರದ ಜೊತೆಗೇ ಮಾತು ಮುಗಿಸಿತು.

ಮೊದಲು ಒಂದು ಭಯ ಕಳೆಯೋಣ. ಮೀಸಲು ಅರಣ್ಯವನ್ನು ಯಾವ ಕಂಪನಿಯೂ, ದೇಶದ್ದಾಗಲಿ ಹೊರಗಿನದ್ದಾಗಲಿ, ಕೊಂಡುಕೊಳ್ಳಲು ಆಗುವುದಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆಯ ಪ್ರಕಾರ ಕೇಂದ್ರ ಸರ್ಕಾರ ಒಪ್ಪಿದರೆ ಆ ಜಾಗವನ್ನು ಅರಣ್ಯೇತರ ಕೆಲಸಕ್ಕೆ ಬಳಸಲು ಬಿಡುತ್ತಾರೆ, ಅಷ್ಟೇ. ಕಾಗದದಲ್ಲಿ ಅದು ಅರಣ್ಯವಾಗಿಯೇ ಉಳಿಯುತ್ತದೆ. ಆದರೆ ಸ್ಥಳದಲ್ಲಿ ಗಣಿಯೋ ಗೋಪುರವೋ ಎದ್ದಿರುತ್ತದೆ. ಗಣಿಗಾರಿಕೆಯಂಥ ವಲಯಗಳಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ಮೊದಲೇ ಅನುಮತಿ ಇದೆ. ಅಂದರೆ ಹಣ ದೇಶದೊಳಗೆ ಬರುವುದಕ್ಕೆ ದೊಡ್ಡ ತಡೆ ಇಲ್ಲ. ತಡೆ ಇದ್ದರೆ ಅದು ನಿಮ್ಮ ಕಾಡಿನ ಫೈಲಿನಲ್ಲಿ ಇರಬೇಕು.

ವಿದೇಶಿ ಬಂಡವಾಳ ನಮ್ಮ ಜಿಲ್ಲೆಗೆ ಹೊಸದೇನಲ್ಲ. ಬೆಳಗಾವಿಯಲ್ಲಿ ಹಳಬರು ಇವತ್ತಿಗೂ ಇಂಡಾಲ್ ಅಂತಲೇ ಕರೆಯುವ ಅಲ್ಯೂಮಿನಿಯಂ ಕಾರ್ಖಾನೆ 1960ರ ದಶಕದ ಕೊನೆಯಲ್ಲಿ ಶುರುವಾಯಿತು. ಆಗ ಅದರಲ್ಲಿ ದೊಡ್ಡ ಪಾಲು ಕೆನಡಾದ ಅಲ್ಕಾನ್ ಕಂಪನಿಯದು. 2000ದಲ್ಲಿ ಅಲ್ಕಾನ್ ತನ್ನ ಪಾಲನ್ನು ಹಿಂಡಾಲ್ಕೋಗೆ ಮಾರಿತು. ಬಾಕ್ಸೈಟ್ ಬರುತ್ತಿದ್ದದ್ದು ಪಕ್ಕದ ಕೊಲ್ಲಾಪುರ ಜಿಲ್ಲೆಯ ಗುಡ್ಡಗಳಿಂದ. ಕೆಲಸ ಸಿಕ್ಕಿದ್ದು ಬೆಳಗಾವಿಯಲ್ಲಿ, ಅಗೆದಿದ್ದು ಬೇರೆಯವರ ಗುಡ್ಡದಲ್ಲಿ. ಇಂಥ ಯೋಜನೆಗಳ ಲಾಭ ನಷ್ಟ ಲೆಕ್ಕ ಹಾಕುವಾಗ ನಾವು ಕಾರ್ಖಾನೆಯ ಗೇಟಿನ ಎದುರು ನಿಂತೇ ಲೆಕ್ಕ ಹಾಕುತ್ತೇವೆ. ಗುಡ್ಡದ ಕಡೆ ನಿಂತವರ ಲೆಕ್ಕ ಬೇರೆ ಇರುತ್ತದೆ.

ಇದೇ ಅಲ್ಕಾನ್ ಒಡಿಶಾದ ಕಾಶೀಪುರದಲ್ಲಿ ಇನ್ನೊಂದು ದೊಡ್ಡ ಅಲ್ಯೂಮಿನಾ ಯೋಜನೆಯಲ್ಲೂ ಪಾಲುದಾರನಾಗಿತ್ತು. ಅದರ ಜೊತೆಗಿದ್ದದ್ದು ನಾರ್ವೆಯ ನೋರ್ಸ್ಕ್ ಹೈಡ್ರೊ, ನಾರ್ವೆ ಸರ್ಕಾರಕ್ಕೇ ದೊಡ್ಡ ಪಾಲಿರುವ ಕಂಪನಿ. ಅಲ್ಲಿನ ಆದಿವಾಸಿಗಳು ವರ್ಷಗಟ್ಟಲೆ ವಿರೋಧಿಸಿದರು. 2000ದ ಡಿಸೆಂಬರ್ 16ರಂದು ಮೈಕಂಚ್ ಎಂಬ ಊರಿನಲ್ಲಿ ಪೊಲೀಸರ ಗುಂಡಿಗೆ ಮೂವರು ಸತ್ತರು. ಮರುವರ್ಷ ನೋರ್ಸ್ಕ್ ಹೈಡ್ರೊ ಯೋಜನೆ ಬಿಟ್ಟು ಹೊರಟಿತು. 2007ರಲ್ಲಿ ಅಲ್ಕಾನ್ ಕೂಡ ಹೊರಬಂತು. ಯೋಜನೆ ಮಾತ್ರ ನಿಲ್ಲಲಿಲ್ಲ. ಭಾರತದ ಕಂಪನಿ ಅದನ್ನು ಪೂರ್ತಿ ವಹಿಸಿಕೊಂಡು ಕಾರ್ಖಾನೆ ಕಟ್ಟಿತು.

ನಿಮ್ಮೂರಿನ ಎರಡೂ ಕಡೆಯವರು ಈ ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ವಿದೇಶಿ ಕಂಪನಿಗೆ ತನ್ನ ದೇಶದ ಪತ್ರಿಕೆ, ಸಂಸತ್ತು, ಷೇರುದಾರರ ಭಯ ಇರುತ್ತದೆ. ಆ ಭಯಕ್ಕೆ ಅದು ಹೊರಟುಹೋಗಬಹುದು. ಅಷ್ಟರಿಂದ ಕಾಡು ಉಳಿಯಿತು ಅಂತಲ್ಲ. ಅದು ಖಾಲಿ ಮಾಡಿದ ಜಾಗಕ್ಕೆ ಆ ಭಯ ಇಲ್ಲದ ಇನ್ನೊಬ್ಬರು ಬರುತ್ತಾರೆ.

ಪೋಸ್ಕೊ ವಿಷಯದಲ್ಲೂ ಹೀಗೇ ಆಯಿತು. ದಕ್ಷಿಣ ಕೊರಿಯಾದ ಈ ಉಕ್ಕು ಕಂಪನಿ 2005ರಲ್ಲಿ ಒಡಿಶಾ ಜೊತೆ 52,000 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಆಗ ಅದು ದೇಶದ ಅತಿ ದೊಡ್ಡ ವಿದೇಶಿ ಹೂಡಿಕೆ. ಧಿಂಕಿಯಾ ಸುತ್ತಲಿನ ಊರವರು ಅರಣ್ಯ ಜಾಗದಲ್ಲಿ ತಲೆಮಾರುಗಳಿಂದ ವೀಳ್ಯದೆಲೆ ಬೆಳೆಯುತ್ತಿದ್ದರು. ಅವರು ಬಿಟ್ಟುಕೊಡಲಿಲ್ಲ. 2017ರಲ್ಲಿ ಪೋಸ್ಕೊ ಕೈ ಚೆಲ್ಲಿತು. ಕಂಪನಿಗಾಗಿ ಪಡೆದಿದ್ದ ಜಾಗ ವೀಳ್ಯದೆಲೆ ಬೆಳೆದವರ ಕೈಗೆ ವಾಪಸ್ ಬರಲಿಲ್ಲ, ಸರ್ಕಾರದ ಲ್ಯಾಂಡ್ ಬ್ಯಾಂಕಿಗೆ ಹೋಯಿತು. ಮುಂದೆ ಅಲ್ಲಿಗೆ ಬಂದದ್ದು ನಮ್ಮದೇ ದೇಶದ ಜಿಂದಾಲ್ ಉಕ್ಕು ಯೋಜನೆ. 2022ರ ಜನವರಿಯಲ್ಲಿ ಧಿಂಕಿಯಾದಲ್ಲಿ ಮತ್ತೆ ಪೊಲೀಸ್ ಲಾಠಿ. ಗದಗ ಜಿಲ್ಲೆಯ ಹಳ್ಳಿಗುಡಿಯಲ್ಲಿ ಇದೇ ಪೋಸ್ಕೊ ಕಾರ್ಖಾನೆಯನ್ನು 2011ರಲ್ಲಿ ಕೈಬಿಟ್ಟದ್ದು ನಮ್ಮ ಭಾಗದವರಿಗೆ ನೆನಪಿರಬೇಕು. ಅಲ್ಲಿ ರೈತರ ಕೈಯಲ್ಲಿ ಸ್ವಂತ ಹೆಸರಿನ ಉತಾರ (ಪಹಣಿ) ಇತ್ತು. ಜೊತೆಗೆ ತೋಂಟದಾರ್ಯ ಮಠದ ಸ್ವಾಮೀಜಿ ಮುಂದೆ ನಿಂತಿದ್ದರು. ಕಂಪನಿ ಒಂದೇ. ಒಡಿಶಾದವರಿಗೆ ಹತ್ತು ವರ್ಷ ದಾಟಿದ ಹೋರಾಟ, ಇಲ್ಲಿ ಕೆಲವೇ ತಿಂಗಳಲ್ಲಿ ಮುಗಿಯಿತು. ಈ ವ್ಯತ್ಯಾಸಕ್ಕೆ ಕಾರಣ ಹಲವು ಇರಬಹುದು. ಉತಾರ ಅದರಲ್ಲಿ ಸಣ್ಣ ಕಾರಣ ಅಂತ ನನಗೆ ಅನಿಸುವುದಿಲ್ಲ.

ಸ್ವದೇಶಿ ಹಣ ಅಂದಕೂಡಲೇ ಕಾಡಿಗೆ ಕ್ಷೇಮ ಅನ್ನುವವರಿಗೆ ಕುಸನೂರು ನೆನಪಿಸಬೇಕು. 1980ರ ದಶಕದಲ್ಲಿ ನಮ್ಮ ರಾಜ್ಯ ಸರ್ಕಾರ ಹರಿಹರ ಪಾಲಿಫೈಬರ್ಸ್ ಜೊತೆ ಸೇರಿ ಒಂದು ಜಂಟಿ ಕಂಪನಿ ಮಾಡಿ, ಸುಮಾರು 30,000 ಹೆಕ್ಟೇರ್ ಸಿ ಅಂಡ್ ಡಿ ಜಮೀನನ್ನು, ಅಂದರೆ ದಾಖಲೆಯಲ್ಲಿ ಪಾಳು ಎನಿಸಿಕೊಂಡ ಸರ್ಕಾರಿ ಜಾಗವನ್ನು, ನೀಲಗಿರಿ ಬೆಳೆಯಲು ಕೊಡಲು ಹೊರಟಿತು. ದನ ಮೇಯಿಸುವ, ಸೌದೆ ತರುವ ಗುಡ್ಡಗಳು ಅವು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ಜನ ನೀಲಗಿರಿ ಸಸಿ ಕಿತ್ತು ಹಣ್ಣಿನ, ಮೇವಿನ ಗಿಡ ನೆಟ್ಟರು. ಕಿತ್ತಿಕೊ ಹಚ್ಚಿಕೊ ಸತ್ಯಾಗ್ರಹ ಅಂದರೆ ಅದೇ. ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ಮುಂದಾಳತ್ವ ವಹಿಸಿತ್ತು. ಕೆಲ ವರ್ಷಗಳಲ್ಲಿ ಆ ಕಂಪನಿಯನ್ನೇ ಮುಚ್ಚಬೇಕಾಯಿತು.

ಈಗ ಹೊರದೇಶಗಳ ವಿಷಯ. 1990ರಿಂದ 2020ರ ನಡುವೆ ಜಗತ್ತಿನಲ್ಲಿ ಸುಮಾರು 42 ಕೋಟಿ ಹೆಕ್ಟೇರ್ ಕಾಡು ಕಡಿದು ಬೇರೆ ಬಳಕೆಗೆ ಹೋಯಿತು ಅಂತ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಲೆಕ್ಕ ಕೊಟ್ಟಿದೆ. ಇಡೀ ಭಾರತದ ವಿಸ್ತೀರ್ಣಕ್ಕಿಂತ ಜಾಸ್ತಿ ಅದು. ಇದರಲ್ಲಿ ಬಹುಪಾಲು ಉಷ್ಣವಲಯದ ದೇಶಗಳದ್ದು. ಮುಖ್ಯ ಕಾರಣ ಬೇಸಾಯ: ದನದ ಹುಲ್ಲುಗಾವಲು, ಸೋಯಾ, ತಾಳೆ ಎಣ್ಣೆ. ಇವುಗಳ ಹಿಂದೆ ಹೊರಗಿನ ಹಣ, ಹೊರಗಿನ ಗಿರಾಕಿ ಇಬ್ಬರೂ ಇದ್ದಾರೆ. ಆದರೆ ನಿಮ್ಮ ಪ್ರಶ್ನೆ ಇರುವುದು ಆಡಳಿತದ ಬಗ್ಗೆ. ಕಡಿದ ಮರ ಕಣ್ಣಿಗೆ ಕಾಣುತ್ತದೆ. ಸಡಿಲಾದ ಕಾನೂನು ಅಷ್ಟು ಬೇಗ ಕಾಣುವುದಿಲ್ಲ.

ಇಂಡೊನೇಷ್ಯಾದಲ್ಲಿ ಇದು ಚೆನ್ನಾಗಿ ಕಾಣಿಸಿತು. ಅಲ್ಲಿ 1999ರಲ್ಲಿ ಹೊಸ ಅರಣ್ಯ ಕಾಯ್ದೆ ಬಂತು. ಸಂರಕ್ಷಿತ ಅರಣ್ಯದಲ್ಲಿ ತೆರೆದ ಗಣಿಗಾರಿಕೆ ಪೂರ್ತಿ ನಿಷೇಧ ಅಂದಿತು ಆ ಕಾಯ್ದೆ. ಅದಕ್ಕೂ ಮೊದಲೇ ಗುತ್ತಿಗೆ ಪಡೆದಿದ್ದ ಕಂಪನಿಗಳು ಸುಮ್ನೆ ಕೂರಲಿಲ್ಲ. ಅವುಗಳಲ್ಲಿ ವಿದೇಶಿ ಕಂಪನಿಗಳೂ ಇದ್ದವು. ಅಂತರರಾಷ್ಟ್ರೀಯ ಮಧ್ಯಸ್ಥಿಕೆಗೆ ಹೋಗಿ ಪರಿಹಾರ ಕೇಳುತ್ತೇವೆ ಎಂಬ ಮಾತು ಬಂತು. ಎರಡು ದೇಶಗಳ ನಡುವೆ ಹೂಡಿಕೆ ರಕ್ಷಣೆಯ ಒಪ್ಪಂದ ಇದ್ದರೆ, ಕಂಪನಿ ಆ ದೇಶದ ನ್ಯಾಯಾಲಯವನ್ನು ಬದಿಗಿಟ್ಟು ನೇರವಾಗಿ ಸರ್ಕಾರದ ಮೇಲೆ ಹೀಗೆ ದಾವೆ ಹೂಡಬಹುದು. 2004ರಲ್ಲಿ ಸರ್ಕಾರ ತುರ್ತು ಆದೇಶ ಹೊರಡಿಸಿ 13 ಕಂಪನಿಗಳಿಗೆ ವಿನಾಯಿತಿ ಕೊಟ್ಟಿತು. ಅದೇ ವರ್ಷ ಸಂಸತ್ತು ಅದನ್ನು ಕಾನೂನು ಮಾಡಿತು. ದಾವೆಯ ತೀರ್ಪು ಬರುವ ತನಕ ಕಾಯುವ ಪ್ರಸಂಗವೇ ಬರಲಿಲ್ಲ.

ಭಾರತ ಈ ವಿಷಯದಲ್ಲಿ ಸ್ವಲ್ಪ ಎಚ್ಚೆತ್ತಿದೆ. 2016ರ ನಂತರ ಹಳೆಯ ಹೂಡಿಕೆ ರಕ್ಷಣಾ ಒಪ್ಪಂದಗಳಲ್ಲಿ ಹೆಚ್ಚಿನವನ್ನು ರದ್ದು ಮಾಡಿತು. ಹೊಸ ಮಾದರಿ ಒಪ್ಪಂದದ ಪ್ರಕಾರ ಕಂಪನಿ ಮೊದಲು ಐದು ವರ್ಷ ಇಲ್ಲಿನ ನ್ಯಾಯಾಲಯಗಳಲ್ಲೇ ನ್ಯಾಯ ಕೇಳಬೇಕು. ಯುಎಇ ಜೊತೆಗಿನ ಹೊಸ ಒಪ್ಪಂದದಲ್ಲಿ ಇದನ್ನು ಮೂರು ವರ್ಷಕ್ಕೆ ಇಳಿಸಿದ್ದಾರೆ. ಮುಂದಿನ ಒಪ್ಪಂದಗಳಲ್ಲಿ ಇನ್ನೂ ಇಳಿಯುತ್ತಾ ಹೋದರೆ ಅದು ಕಾಡಿಗೂ ಸಂಬಂಧಪಟ್ಟ ಸುದ್ದಿ. ಪತ್ರಿಕೆಗಳು ಅದನ್ನು ವ್ಯಾಪಾರದ ಪುಟದಲ್ಲೇ ಹಾಕುತ್ತವೆ. ನೀವು ತಪ್ಪದೆ ಓದಿ.

ಕಾಂಬೋಡಿಯಾದಲ್ಲಿ ರಬ್ಬರ್, ಕಬ್ಬು ಅಂತ 20 ಲಕ್ಷ ಹೆಕ್ಟೇರಿಗೂ ಮೀರಿ ಗುತ್ತಿಗೆ ಕೊಟ್ಟ ಮೇಲೆ 2012ರಲ್ಲಿ ಹೊಸ ಗುತ್ತಿಗೆ ನಿಲ್ಲಿಸಿದರು. ಲೈಬೀರಿಯಾದ್ದು ಇನ್ನೂ ಹೇಳಬೇಕಾದ ಕಥೆ. ಅಲ್ಲಿನ ಸರ್ಕಾರ ಕಾಡು, ಭೂಮಿ ಎಲ್ಲ ತನ್ನದೇ ಅಂದುಕೊಂಡು ಕಂಪನಿಗಳಿಗೆ ಹಂಚುತ್ತಾ ಬಂತು. 2009ರಲ್ಲಿ ಮಲೇಷ್ಯಾದ ಒಂದೇ ತಾಳೆ ಎಣ್ಣೆ ಕಂಪನಿಗೆ 2,20,000 ಹೆಕ್ಟೇರ್ ಕೊಟ್ಟಿತು. ಊರವರು ತಿರುಗಿಬಿದ್ದರು. ಕಂಪನಿ ಅದರಲ್ಲಿ ಸಣ್ಣ ಭಾಗದಲ್ಲಷ್ಟೇ ಗಿಡ ನೆಟ್ಟು, ಹತ್ತು ವರ್ಷಕ್ಕೆ ಅಲ್ಲಿನ ವ್ಯವಹಾರ ಮಾರಿ ಹೋಯಿತು. 2018ರಲ್ಲಿ ಲೈಬೀರಿಯಾ ಭೂಹಕ್ಕು ಕಾಯ್ದೆ ತಂದು, ಸಮುದಾಯಗಳ ಸಾಂಪ್ರದಾಯಿಕ ಭೂಮಿ ಅವರದೇ ಅಂತ ಬರೆಯಿತು. 2023ರಲ್ಲಿ ದುಬೈನ ಒಂದು ಕಾರ್ಬನ್ ಕಂಪನಿ (ಗಿಡಮರ ಹೀರುವ ಇಂಗಾಲದ ಲೆಕ್ಕವನ್ನು ಹೊಗೆ ಬಿಡುವ ಕಂಪನಿ, ದೇಶಗಳಿಗೆ ಮಾರುವಂಥದ್ದು) ದೇಶದ ಹತ್ತನೇ ಒಂದು ಭಾಗದಷ್ಟು ಜಾಗ ಕೇಳಿಕೊಂಡು ಬಂದಾಗ, ವಿರೋಧಿಸುವವರ ಕೈಯಲ್ಲಿ ಈ ಕಾಯ್ದೆ ಇತ್ತು. "ಈ ಭೂಮಿ ಕೊಡಲು ನೀವು ಯಾರು?" ಅಂತ ಸರ್ಕಾರವನ್ನೇ ಕೇಳುವ ಹಕ್ಕು ಅವರಿಗೆ ಬಂದಿತ್ತು.

ಹೊರಗಿನ ಹಣ ಒಳ್ಳೆಯದು ಮಾಡಿದ ಉದಾಹರಣೆಗಳೂ ಇವೆ, ಅವನ್ನು ಮುಚ್ಚಿಡಬಾರದು. ಬ್ರೆಜಿಲ್ ತನ್ನದೇ ಉಪಗ್ರಹ ಕಣ್ಗಾವಲು, ದಾಳಿ, ದಂಡಗಳಿಂದ ಅಮೆಜಾನ್ ಕಾಡುನಾಶವನ್ನು 2004ರ 27,000 ಚದರ ಕಿ.ಮೀ.ಗಿಂತ ಹೆಚ್ಚಿನ ಮಟ್ಟದಿಂದ 2012ರಲ್ಲಿ 5,000ಕ್ಕಿಂತ ಕೆಳಗೆ ಇಳಿಸಿತು. 2008ರಲ್ಲಿ ಶುರುವಾದ ಅಮೆಜಾನ್ ನಿಧಿಗೆ ದೊಡ್ಡ ದಾನಿ ಇದೇ ನಾರ್ವೆ. ಕಡಿಯುವುದು ಕಡಿಮೆಯಾದ ಮೇಲೆ ಹಣ ಎಂಬ ನಿಯಮ. 2019ರಲ್ಲಿ ಹೊಸ ಸರ್ಕಾರ ನಿಧಿಯ ಸಮಿತಿಗಳನ್ನು ರದ್ದು ಮಾಡಿತು, ಹಣ ನಿಂತಿತು, ಕಡಿಯುವುದು ಮತ್ತೆ ಏರಿತು. 2023ರಲ್ಲಿ ನಿಧಿ ಪುನಃ ಚಾಲು ಆಯಿತು. ಕಾಶೀಪುರಕ್ಕೆ ಕಂಪನಿ ಕಳಿಸಿದ ದೇಶವೂ ನಾರ್ವೆಯೇ. ಒಡಿಶಾದ ನಿಯಮಗಿರಿ ಗುಡ್ಡದಲ್ಲಿ ಬಾಕ್ಸೈಟ್ ಅಗೆಯಲು ಹೊರಟಿದ್ದ ವೇದಾಂತ ಕಂಪನಿಯಿಂದ 2007ರಲ್ಲಿ ತನ್ನ ಪಿಂಚಣಿ ನಿಧಿಯ ಹಣ ಹಿಂತೆಗೆದದ್ದೂ ನಾರ್ವೆಯೇ. ಒಂದೇ ದೇಶದ ಹಣ ಮೂರು ಕಡೆ ಮೂರು ಥರ ನಡೆದುಕೊಂಡಿದೆ ನೋಡಿ.

ನಮ್ಮ ರಾಜ್ಯದಲ್ಲೇ 1990ರ ದಶಕದ ಆರಂಭದಲ್ಲಿ ಬ್ರಿಟನ್ ನೆರವಿನ ಪಶ್ಚಿಮ ಘಟ್ಟ ಅರಣ್ಯ ಯೋಜನೆ ಬಂತು. ಅದರ ಜೊತೆಗೇ 1993ರಲ್ಲಿ ಜಂಟಿ ಅರಣ್ಯ ಯೋಜನೆ ಮತ್ತು ನಿರ್ವಹಣೆಯ ಸರ್ಕಾರಿ ಆದೇಶವೂ ಬಂತು. ಗ್ರಾಮ ಅರಣ್ಯ ಸಮಿತಿ ಹುಟ್ಟಿದ್ದು ಹಾಗೆ. ಆಮೇಲೆ ಜಪಾನ್ ಸಾಲ ಬಂತು, 2005ರ ಹೊತ್ತಿಗೆ ಜೆಬಿಐಸಿ ಯೋಜನೆ ಅಂತ ಅದು ಬಯಲುಸೀಮೆಯಲ್ಲೂ ಹೆಸರಾಯಿತು. ಸಮಿತಿಗೆ ಅಧ್ಯಕ್ಷರು ಊರವರು, ಕಾರ್ಯದರ್ಶಿ ಫಾರೆಸ್ಟರ್. ಚೆಕ್ಕಿಗೆ ಇಬ್ಬರ ಸಹಿ ಬೇಕು. ಅಧ್ಯಕ್ಷರ ಹತ್ತಿರ ಸಾಮಾನ್ಯವಾಗಿ ಇರುತ್ತಿದ್ದದ್ದು ಆ ಸಹಿಯ ಅಧಿಕಾರ ಒಂದೇ. ನಡಾವಳಿ ಪುಸ್ತಕ, ಪಾಸ್‌ಬುಕ್, ನಕ್ಷೆ ಎಲ್ಲ ಇಲಾಖೆಯ ಕಪಾಟಿನಲ್ಲಿ. ಹಣ ಇರುವ ತನಕ ಸಭೆ ಆಯಿತು, ನೆಡುತೋಪು ಆಯಿತು, ಸ್ವಸಹಾಯ ಸಂಘಕ್ಕೆ ಸಾಲ ಸಿಕ್ಕಿತು. ಹಣ ನಿಂತ ಮೇಲೆ ಎಷ್ಟೋ ಊರಲ್ಲಿ ಸಮಿತಿ ಹೆಸರಿಗೆ ಮಾತ್ರ ಉಳಿಯಿತು. ನಿಮ್ಮೂರಿನ ಹಿರಿಯರನ್ನು ಕೇಳಿ, ಅವರೇ ಹೇಳುತ್ತಾರೆ. ಆ ಸಮಿತಿ ಹುಟ್ಟಿದ್ದು ಒಂದು ಆದೇಶದಿಂದ, ಕಾಡಿನ ಮೇಲೆ ಊರಿಗೆ ಹಕ್ಕು ಅಂತ ಅದರಲ್ಲಿ ಇರಲಿಲ್ಲ.

ಬಾಗಲಕೋಟೆಯ ಮುಳುಗಡೆ ಸಂತ್ರಸ್ತರೂ ಇದನ್ನು ಬೇರೆ ರೀತಿಯಲ್ಲಿ ಕಂಡಿದ್ದಾರೆ. ಕೃಷ್ಣಾ ಮೇಲ್ದಂಡೆ ಯೋಜನೆಗೆ ವಿಶ್ವಬ್ಯಾಂಕ್ ಸಾಲ ಇತ್ತು. ಪುನರ್ವಸತಿ ಸರಿಯಿಲ್ಲ ಅಂತ 1990ರ ದಶಕದಲ್ಲಿ ಬ್ಯಾಂಕ್ ಹಣ ಬಿಡುಗಡೆ ತಡೆಹಿಡಿದಿತ್ತು. ಆಗ ಆಡಳಿತ ಚುರುಕಾಯಿತು. ಸಾಲ ಮುಗಿದ ಮೇಲೆ ಆ ಒತ್ತಡವೂ ಹೋಯಿತು.

ಹಕ್ಕು ಮೊದಲು ಬಂದರೆ ಏನಾಗುತ್ತದೆ ಅನ್ನುವುದಕ್ಕೆ ದೂರ ಹೋಗಬೇಕಿಲ್ಲ. ಮಹಾರಾಷ್ಟ್ರದ ಗಡಚಿರೋಲಿಯ ಮೇಂಢಾ ಲೇಖಾ ಎಂಬ ಗೊಂಡ ಆದಿವಾಸಿಗಳ ಊರು. ಅಲ್ಲಿನ ಬಿದಿರನ್ನು ಅರಣ್ಯ ಇಲಾಖೆ ಕಾಗದ ಕಾರ್ಖಾನೆಗೆ ಗುತ್ತಿಗೆ ಕೊಡುತ್ತಿತ್ತು. 2009ರಲ್ಲಿ ಊರಿಗೆ ಸುಮಾರು 1,800 ಹೆಕ್ಟೇರ್ ಕಾಡಿನ ಸಾಮುದಾಯಿಕ ಹಕ್ಕು ಸಿಕ್ಕಿತು. ಬಿದಿರು ಸಾಗಿಸುವ ರಹದಾರಿ ಪುಸ್ತಕ ಕೊಡಲು ಇಲಾಖೆ ಒಪ್ಪಲಿಲ್ಲ. 2011ರಲ್ಲಿ ಕೇಂದ್ರ ಸಚಿವರೇ ಊರಿಗೆ ಬಂದು ಆ ಪುಸ್ತಕ ಗ್ರಾಮಸಭೆಯ ಕೈಗೆ ಕೊಡಿಸಬೇಕಾಯಿತು. ಆಮೇಲೆ ಬಿದಿರನ್ನು ಗ್ರಾಮಸಭೆಯೇ ಮಾರಿತು, ಕೂಲಿಯನ್ನೂ ತಾನೇ ನಿಗದಿ ಮಾಡಿತು. ಇನ್ನು ನಿಯಮಗಿರಿ. 2013ರ ಏಪ್ರಿಲ್ 18ರಂದು ಸುಪ್ರೀಂ ಕೋರ್ಟ್ ನಿರ್ಧಾರವನ್ನು ಗ್ರಾಮಸಭೆಗೆ ಬಿಟ್ಟಿತು. ಜಿಲ್ಲಾ ನ್ಯಾಯಾಧೀಶರ ಎದುರು 12 ಗ್ರಾಮಸಭೆಗಳು ನಡೆದವು. ಹನ್ನೆರಡೂ ಬೇಡ ಅಂದವು. ಲಂಡನ್ನಿನ ಷೇರುಪೇಟೆಯಲ್ಲಿದ್ದ ಕಂಪನಿಗೆ ಆ ಗುಡ್ಡ ಸಿಗಲಿಲ್ಲ.

ಇದನ್ನು ಕೇಳಿ "ಹಾಗಾದರೆ ನಮ್ಮ ಗ್ರಾಮಸಭೆಯೂ ಬೇಡ ಅಂದರೆ ಆಯ್ತಲ್ಲ" ಅಂತ ಅಂದುಕೊಳ್ಳಬೇಡಿ. ಖಾನಾಪುರದಲ್ಲಿ ಒಂದು ತೊಡಕಿದೆ. ಕಾಡನ್ನು ನಂಬಿ ಬದುಕುವವರ ಹಕ್ಕು ಗುರುತಿಸುವ 2006ರ ಅರಣ್ಯ ಹಕ್ಕು ಕಾಯ್ದೆ ಬಂದ ಮೇಲೆ, ಕಾಡಿನ ಜಾಗ ಬೇರೆ ಕೆಲಸಕ್ಕೆ ಕೊಡುವ ಮೊದಲು ಗ್ರಾಮಸಭೆಯ ಒಪ್ಪಿಗೆ ಬೇಕು ಅಂತ 2009ರ ಆಗಸ್ಟ್‌ನಲ್ಲಿ ಕೇಂದ್ರ ಸುತ್ತೋಲೆ ಹೊರಡಿಸಿತು. ಆದರೆ 2013ರ ಫೆಬ್ರವರಿಯಲ್ಲಿ ರಸ್ತೆ, ವಿದ್ಯುತ್ ತಂತಿ, ಪೈಪ್‌ಲೈನ್, ಕಾಲುವೆಯಂಥ ಉದ್ದುದ್ದ ಹೋಗುವ ಯೋಜನೆಗಳಿಗೆ ಆ ಒಪ್ಪಿಗೆಯಿಂದ ವಿನಾಯಿತಿ ಕೊಟ್ಟಿತು. ನಿಮ್ಮ ಭಾಗದ ಕಾಡಿಗೆ ಬರುವುದು ಹೆಚ್ಚಾಗಿ ಇಂಥವೇ, ಅಲ್ವಾ? ಗೋವಾ ಹೆದ್ದಾರಿ, ರೈಲು ಹಳಿ, ವಿದ್ಯುತ್ ಮಾರ್ಗ, ನೀರಿನ ಪೈಪು. ಮೇಲಾಗಿ 2022ರ ನಿಯಮಗಳಲ್ಲಿ ಹಕ್ಕು ಇತ್ಯರ್ಥದ ಹೊಣೆಯನ್ನು ಕೊನೆಯ ಹಂತಕ್ಕೆ, ರಾಜ್ಯ ಸರ್ಕಾರದ ತಲೆಗೆ ದಾಟಿಸಿದ್ದಾರೆ. ಅಷ್ಟು ಹೊತ್ತಿಗೆ ಕಂಪನಿ ಹಣ ಸುರಿದಿರುತ್ತದೆ, ಜಿಲ್ಲಾಡಳಿತದ ಮೇಲೆ ಒತ್ತಡ ಬಿದ್ದಿರುತ್ತದೆ. ಹಾಗಾಗಿ ಯೋಜನೆ ಬಂದ ಮೇಲೆ ಸಭೆ ಕರೆದು ಬೇಡ ಅನ್ನುವುದನ್ನೇ ನಂಬಿ ಕೂರಬೇಡಿ. ಯೋಜನೆಯ ಹೆಸರೂ ಇಲ್ಲದ ಕಾಲದಲ್ಲೇ ಹಕ್ಕು ಬರೆಸಿಡಬೇಕು.

ಮೊದಲು ಮಾಡಬೇಕಾದ್ದು ನಮೂನೆ ಸಿ. ಸಾಮುದಾಯಿಕ ಅರಣ್ಯ ಸಂಪನ್ಮೂಲದ ಹಕ್ಕಿಗೆ ಹಾಕುವ ಅರ್ಜಿ ಇದು. ವೈಯಕ್ತಿಕ ಜಮೀನಿನ ನಮೂನೆ ಎ ಬಗ್ಗೆಯೇ ಎಲ್ಲರೂ ಓಡಾಡುತ್ತಾರೆ, ಇದನ್ನು ಕೇಳುವವರು ಕಡಿಮೆ. ಊರ ಗಡಿಯೊಳಗೆ ದನ ಮೇಯಿಸುವ, ಜೇನು, ಮುರುಗಲು, ಸೌದೆ ತರುವ ಇಡೀ ಕಾಡನ್ನು ಕಾಪಾಡುವ, ನಿರ್ವಹಿಸುವ ಹಕ್ಕು ಇದರಿಂದ ಬರುತ್ತದೆ. ವನ್ಯಜೀವಿ ಧಾಮದೊಳಗೂ ಈ ಕಾಯ್ದೆ ನಡೆಯುತ್ತದೆ, ಹಾಗಾಗಿ ಭೀಮಗಡದ ಒಳಗಿರುವ ಗವಾಳಿ, ಆಮಗಾಂವ, ಕೊಂಗಳಾ ಕಡೆಯವರೂ ಹಾಕಬಹುದು. ಪರಿಶಿಷ್ಟ ಪಂಗಡಕ್ಕೆ ಸೇರದವರು ಮೂರು ತಲೆಮಾರು, ಅಂದರೆ 75 ವರ್ಷದ ವಾಸ ತೋರಿಸಬೇಕು. "ಕಾಗದ ಎಲ್ಲಿದೆ?" ಅಂತ ವಾಪಸ್ ಕಳಿಸಿದರೆ ಎದೆಗುಂದಬೇಡಿ. ನಿಯಮ 13ರಲ್ಲಿ ಹಿರಿಯರ ಬರೆದುಕೊಂಡ ಹೇಳಿಕೆ, ಹಳೆಯ ಬಾವಿ, ಸ್ಮಶಾನ, ದೇವರ ಬನ, ಮನೆಯ ಪಾಯದ ಗುರುತು ಎಲ್ಲವೂ ಸಾಕ್ಷಿ ಅಂತ ಸ್ಪಷ್ಟವಾಗಿ ಇದೆ. ಇದಕ್ಕೆ ಸೇರಬೇಕಾದ್ದು ಪಂಚಾಯಿತಿ ಮಟ್ಟದ ಸಭೆ ಅಲ್ಲ, ನಿಮ್ಮ ಊರಿನ ಸಭೆ. ಅರ್ಧದಷ್ಟು ಜನ ಸೇರಬೇಕು, ಸೇರಿದವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು ಇರಬೇಕು. ಠರಾವಿನ ಪ್ರತಿ ಊರಲ್ಲೇ ಇಟ್ಟುಕೊಳ್ಳಿ, ಎಸಿ ಸಾಹೇಬರ ಕಚೇರಿಗೆ ಕೊಟ್ಟದ್ದಕ್ಕೆ ಸೀಲು ಹಾಕಿದ ಸ್ವೀಕೃತಿ ತಪ್ಪದೆ ಪಡೆಯಿರಿ.

ಯೋಜನೆ ನಿಜವಾಗಿ ಇದೆಯಾ ಅಂತ ತಿಳಿಯಲು ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಜಾಲತಾಣ ನೋಡಿ. ಜಿಲ್ಲೆಯ ಹೆಸರು ಹಾಕಿದರೆ ಅರಣ್ಯ ಬಳಕೆಯ ಅರ್ಜಿಗಳು ಕಾಣುತ್ತವೆ. ಅದರಲ್ಲಿ ಜಿಲ್ಲಾಧಿಕಾರಿಯ ಒಂದು ಪ್ರಮಾಣಪತ್ರ ಹುಡುಕಿ. ಒಂದು ಪುಟದ್ದು. ಈ ಜಾಗದಲ್ಲಿ ಅರಣ್ಯ ಹಕ್ಕುಗಳ ಇತ್ಯರ್ಥ ಆಗಿದೆ ಎಂಬ ಒಂದೆರಡು ಸಾಲು, ಕೆಳಗೆ ಸಹಿ. ಇಡೀ ಫೈಲಿನಲ್ಲಿ ನಿಮ್ಮ ಊರಿಗೆ ಇದಕ್ಕಿಂತ ಮುಖ್ಯವಾದ ಕಾಗದ ಇಲ್ಲ. ನಿಮ್ಮ ಸ್ವೀಕೃತಿಯ ತಾರೀಖು ಆ ಪ್ರಮಾಣಪತ್ರದ ತಾರೀಖಿಗಿಂತ ಹಿಂದಿನದಾಗಿದ್ದು ಅರ್ಜಿ ಇನ್ನೂ ಬಾಕಿ ಇದ್ದರೆ, ಇತ್ಯರ್ಥ ಆಗಿದೆ ಎಂಬ ಮಾತು ನಿಲ್ಲುವುದಿಲ್ಲ. ಉದ್ದುದ್ದ ಹೋಗುವ ಯೋಜನೆಗೂ ಇದನ್ನು ಎತ್ತಬಹುದು. ಒಪ್ಪಿಗೆಯಿಂದ ವಿನಾಯಿತಿ ಇದೆ, ಹಕ್ಕು ಇತ್ಯರ್ಥದಿಂದ ಇಲ್ಲ.

ಇನ್ನೊಂದು ವಿಷಯ. ನೀವು ಹೇಳಿದ ಕಂಪನಿ ಗಣಿ, ತಂತಿ ಯಾವುದೂ ಅಲ್ಲದೆ, ಗಿಡ ನೆಡುವ ಕಾರ್ಬನ್ ಯೋಜನೆಯೇ ಆಗಿದ್ದರೆ ಊರವರು ಬೇಗ ಒಪ್ಪಿಬಿಡುತ್ತಾರೆ. ಗಿಡ ನೆಡುವುದು ಒಳ್ಳೆಯದೇ ಅಲ್ವಾ ಅನಿಸುತ್ತದೆ. ಕೀನ್ಯಾದ ಉತ್ತರ ಭಾಗದಲ್ಲಿ ಎರಡು ಸಂರಕ್ಷಣಾ ಪ್ರದೇಶಗಳನ್ನು, ಅದರಲ್ಲೊಂದು ಹುಲ್ಲುಗಾವಲಿನ ದೊಡ್ಡ ಕಾರ್ಬನ್ ಯೋಜನೆಯಲ್ಲಿ ಸೇರಿದ್ದದ್ದು, ಜನರ ಸರಿಯಾದ ಒಪ್ಪಿಗೆ ಪಡೆಯದೆ ಮಾಡಲಾಗಿದೆ ಅಂತ 2025ರ ಜನವರಿಯಲ್ಲಿ ಅಲ್ಲಿನ ನ್ಯಾಯಾಲಯ ತೀರ್ಪು ಕೊಟ್ಟಿತು. ನಮ್ಮ ಬಾಗಲಕೋಟೆ, ವಿಜಯಪುರದ ಕುರುಚಲು ಗುಡ್ಡಗಳನ್ನು ಪಾಳು ಅಂತ ಬರೆದು ಗಿಡ ನೆಡಲು ಹೊರಡುವವರು ಯಡಹಳ್ಳಿಯ ಚಿಂಕಾರ ಧಾಮವನ್ನು ಒಮ್ಮೆ ನೋಡಬೇಕು. ಆ ಜಿಂಕೆಗೆ ಬೇಕಾದದ್ದು ಆ ಬಯಲು, ಆ ಹುಲ್ಲು, ಆ ಪೊದೆ. ಕಾರ್ಬನ್ ಕರಾರು ಬಂದರೆ ಕನ್ನಡದಲ್ಲೋ ಮರಾಠಿಯಲ್ಲೋ ಪೂರ್ತಿ ಪ್ರತಿ ಕೇಳಿ. ಎಷ್ಟು ವರ್ಷ, ಮಾರಿದ ಹಣದಲ್ಲಿ ಊರಿಗೆ ಎಷ್ಟು, ದನ ಬಿಡಬಹುದಾ, ಗಿಡ ಸುಟ್ಟುಹೋದರೆ ನಷ್ಟ ಯಾರದು, ಕಂಪನಿ ಇನ್ನೊಬ್ಬರಿಗೆ ಕರಾರು ಮಾರಿದರೆ ಊರಿನ ಒಪ್ಪಿಗೆ ಬೇಕಾ. ಈ ಐದಕ್ಕೆ ಬರಹದಲ್ಲಿ ಉತ್ತರ ಸಿಗುವ ತನಕ ಯಾರೂ ಸಹಿ ಮಾಡಬೇಡಿ, ಹೆಬ್ಬೆಟ್ಟೂ ಒತ್ತಬೇಡಿ.